ಬೋನ್ಸಾಯ್ ಎಂಬ ಬೈಗುಳ

ಶಾಲಾ ವಾರ್ಷಿಕೋತ್ಸವ, ಶಿಕ್ಷಕರ ದಿನಾಚರಣೆ, ಗುರುವಂದನೆ, ಯಾವುದಕ್ಕೆ ಹೋದರೂ ಮುಖ್ಯ ಅತಿಥಿಗಳ ಭಾಷಣದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ನಮ್ಮ ಶಿಕ್ಷಣ ಪದ್ಧತಿ ಮಕ್ಕಳನ್ನು ಬೋನ್ಸಾಯ್ ಗಿಡಗಳನ್ನಾಗಿ ಮಾಡುತ್ತಿದೆ. ಮಾತು ಮುಗಿಯುವ ಮೊದಲೇ ಚಪ್ಪಾಳೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ, ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಮನೆಯ ಹಿತ್ತಿಲಲ್ಲಿ ಬೋನ್ಸಾಯ್ ಬೆಳೆಸುತ್ತ ಬಂದವನು ನಾನು. ಶಿಕ್ಷಣದ ಮೇಲಿನ ಆರೋಪವನ್ನು ಬೇಕಾದರೆ ಕೈಕಟ್ಟಿ ಕೇಳಿಸಿಕೊಳ್ಳುತ್ತೇನೆ. ಅದಕ್ಕೆ ನಾನೂ ಸಾಕ್ಷಿ. ಆದರೆ ಗಿಡದ ಮೇಲಿನ ಆರೋಪವನ್ನು ಕೇಳಿಕೊಂಡು ಸುಮ್ಮನಿರಲಾರೆ. ಒಂದು ಕೆಲಸವನ್ನು ಬೈಗುಳವಾಗಿ ಬಳಸುವವನು ಆ ಕೆಲಸವನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿರಬೇಕು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಮುಖ್ಯ ಅತಿಥಿಗಳಾಗಿ ಹೋಗುವ ವಯಸ್ಸಿಗೆ ಬಂದಿದ್ದೀರಿ. ಆದ್ದರಿಂದ ಈ ಬರಹ.

ಮೊದಲು ಶಬ್ದವನ್ನೇ ನೋಡೋಣ. ಜಪಾನೀ ಭಾಷೆಯಲ್ಲಿ 'ಬೋನ್' ಎಂದರೆ ತಟ್ಟೆಯಂಥ, ಆಳವಿಲ್ಲದ ಕುಂಡ. 'ಸಾಯ್' ಎಂದರೆ ನೆಡುವುದು. ಕುಬ್ಜ ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. (ಕನ್ನಡದ ಕಿವಿಗೆ ಆ 'ಸಾಯ್' ಅಪಶಕುನದಂತೆ ಕೇಳಿಸುವುದು ಬೇರೆ ಮಾತು. ಅರ್ಧ ದ್ವೇಷಕ್ಕೆ ಅದೇ ಕಾರಣವಿರಬಹುದೆಂದು ನನಗೆ ಒಮ್ಮೊಮ್ಮೆ ಅನ್ನಿಸಿದೆ.) ಬೋನ್ಸಾಯ್ ಎಂಬುದು ಗಿಡದ ಜಾತಿಯಲ್ಲ. ತಟ್ಟೆಯಲ್ಲಿರುವ ಆಲದ ಬೀಜಗುಣ ಹೊಲದ ಬದುವಿನ ಆಲದ್ದೇ. ತಟ್ಟೆಯಿಂದ ತೆಗೆದು ನೆಲದಲ್ಲಿ ನೆಟ್ಟರೆ ಅದು ನಾಲ್ಕು ಮಳೆಗಾಲದಲ್ಲಿ ಮನೆಯ ಗೋಡೆಯನ್ನು ಮೀರಿ ಹೋಗುತ್ತದೆ. ಯಾವ ಶಕ್ತಿಯೂ ಅದರಲ್ಲಿ ಸತ್ತಿರುವುದಿಲ್ಲ.

ಗಿಡವನ್ನು ಕತ್ತರಿಸಿ ಗಿಡ್ಡವಾಗಿಡುವುದೇ ಪಾಪವೆನ್ನುವುದಾದರೆ ಆ ಪಾಪದ ಲೆಕ್ಕವನ್ನು ಬೆಳಗಿನ ಲೋಟದಿಂದಲೇ ಆರಂಭಿಸಬೇಕಾಗುತ್ತದೆ. ಚಹಾ ಗಿಡ ತನ್ನಷ್ಟಕ್ಕೆ ಬಿಟ್ಟರೆ ಮೂವತ್ತು ಅಡಿ ಏರುವ ಮರ. ನೀಲಗಿರಿಯ ಇಳಿಜಾರಿನಲ್ಲಿ ಅದನ್ನು ಸೊಂಟದ ಮಟ್ಟದಲ್ಲಿ ಕತ್ತರಿಸಿ ಕತ್ತರಿಸಿ ಹಸಿರು ಜಮಖಾನೆಯನ್ನಾಗಿ ಮಾಡಿದ್ದೇವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡದ ತಲೆಯನ್ನು ಐದಾರು ಅಡಿಯಲ್ಲಿ ಚಿವುಟುತ್ತಾರೆ. ರಾಮನಗರದ ಹಿಪ್ಪುನೇರಳೆಯನ್ನು ವರ್ಷಕ್ಕೆ ನಾಲ್ಕೈದು ಸಲ ಬುಡದ ತನಕ ಸವರುತ್ತಾರೆ. ವಿಜಯಪುರದ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟನಿ. ಭಾಷಣಕಾರರು ರೇಷ್ಮೆ ಶಾಲು ಹೊದ್ದು, ಕಾಫಿ ಕುಡಿದು, ವೇದಿಕೆ ಏರಿ ಬೋನ್ಸಾಯ್‌ನ ಕ್ರೌರ್ಯದ ಬಗ್ಗೆ ಮಾತನಾಡುತ್ತಾರೆ.

ಕ್ರೌರ್ಯವೋ ಅಲ್ಲವೋ ಎಂಬುದನ್ನು ಸಿದ್ಧಾಂತದಿಂದ ತೀರ್ಮಾನಿಸುವುದು ಬೇಡ. ಒಂದು ಗಿಡವನ್ನು ತೆಗೆದುಕೊಳ್ಳೋಣ: ದಾಳಿಂಬೆ. ನಾನು ಹೆಚ್ಚು ಕಾಲ ಪಾಠ ಹೇಳಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಹಿರಿಯೂರಿನ ಸುತ್ತಲಿನ ದಾಳಿಂಬೆ ತೋಟಗಳಿಂದ ಶಾಲೆಗೆ ಬಂದವರು ನಿಮ್ಮಲ್ಲಿದ್ದೀರಿ. ನಾನು ಹೇಳುವುದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ. ದಾಳಿಂಬೆ ಸ್ವಭಾವದಿಂದ ಮರವಲ್ಲ, ಪೊದೆ. ಬುಡದಿಂದ ಚಿಗುರು ಬರುತ್ತಲೇ ಇರುತ್ತದೆ. ಅದನ್ನು ಒಂಟಿ ಕಾಂಡದ ಮರವನ್ನಾಗಿ ಮಾಡಲು ಹೊರಟರೆ ವರ್ಷವಿಡೀ ಅದರೊಡನೆ ಜಗಳ. ನಮ್ಮ ರೈತರು ಆ ಜಗಳಕ್ಕೆ ಹೋಗದೆ ಬುಡದಲ್ಲಿ ಮೂರು ನಾಲ್ಕು ಕಾಂಡಗಳನ್ನು ಉಳಿಸಿಕೊಳ್ಳುತ್ತಾರೆ. ಕಾಂಡ ಕೊರೆಯುವ ಹುಳು ಒಂದನ್ನು ತಿಂದರೂ ಮಿಕ್ಕವು ಫಸಲು ಕೊಡುತ್ತವೆ. ಹಲವು ಕಾಂಡದ ಬೋನ್ಸಾಯ್‌ನ ಮೂಲ ತತ್ತ್ವವೂ ಇಷ್ಟೇ: ಗಿಡ ತಾನಾಗಿ ಏನಾಗಲು ಹೊರಟಿದೆಯೋ ಅದಕ್ಕೆ ದಾರಿ ಮಾಡಿಕೊಡುವುದು. ಜಪಾನೀಯರು ಈ ಬಗೆಯನ್ನು ಕಾಬುದಾಚಿ ಎನ್ನುತ್ತಾರೆ. ಬೇರೆ ಬೇರೆ ಗಿಡಗಳನ್ನು ಒಂದೇ ತಟ್ಟೆಯಲ್ಲಿ ನೆಟ್ಟು ಮಾಡುವ ತೋಪಿನ ಬಗೆ ಬೇರೆ. ಇಲ್ಲಿ ಎಲ್ಲ ಕಾಂಡಗಳೂ ಒಂದೇ ಬೇರಿನ ಮಕ್ಕಳು.

ನರ್ಸರಿಗೆ ಹೋದಾಗ ಮುಂದಿನ ಸಾಲಿನಲ್ಲಿ ಬಿದಿರು ಕಡ್ಡಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿದ ಸಸಿಗಳ ಕಡೆ ನೋಡಬೇಡಿ. ಹಿಂದೆ, ನೀರಿನ ತೊಟ್ಟಿಯ ಬಳಿ, ಎರಡು ಮೂರು ವರ್ಷದಿಂದ ಯಾರೂ ಕೊಳ್ಳದೆ ಉಳಿದು, ಕಪ್ಪು ಪ್ಲಾಸ್ಟಿಕ್ ಚೀಲವನ್ನು ಸೀಳಿಕೊಂಡು ನೆಲಕ್ಕೇ ಬೇರಿಳಿಸಿದ ಪೊದೆಗಳಿರುತ್ತವೆ. ಬುಡದಲ್ಲಿ ಎಂಟು ಹತ್ತು ಕಾಂಡ, ಒಂದರ ಮೈಮೇಲೊಂದು. "ಅದು ವೇಸ್ಟ್ ಸಾರ್, ಒಳ್ಳೇದು ಕೊಡ್ತೀನಿ ಬನ್ನಿ" ಎನ್ನುತ್ತಾನೆ ಮಾಲಿ. ನಮಗೆ ಬೇಕಾದದ್ದು ಅದೇ. ಬೆರಳಿನಿಂದ ಮೇಲ್ಮಣ್ಣನ್ನು ಸ್ವಲ್ಪ ಸರಿಸಿ, ಒಂದು ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಇಡೀ ಬುಡ ಅಲುಗಿದರೆ ಕಾಂಡಗಳೆಲ್ಲ ಒಂದೇ ಬೇರಿನವು. ಅದೊಂದೇ ಅಲುಗಿದರೆ, ಗಿಡ ತುಂಬಿದಂತೆ ಕಾಣಲೆಂದು ಎರಡು ಮೂರು ಕಡ್ಡಿಗಳನ್ನು ಒಂದೇ ಚೀಲದಲ್ಲಿ ಊರಿದ್ದಾರೆಂದು ಅರ್ಥ, ಅಂಥದು ಬೇಡ. ಬೇರುಗಳು ಬುಡದಿಂದ ಸುತ್ತಲೂ ಹರಡಿಕೊಂಡಿದ್ದರೆ ಬೆಲೆ ಕೇಳದೆ ತೆಗೆದುಕೊಳ್ಳಿ. ಯಾರೂ ಕೊಳ್ಳದ ಗಿಡವಾದ್ದರಿಂದ ಬೆಲೆಯೂ ಹೆಚ್ಚಿರುವುದಿಲ್ಲ.

ತಂದ ದಿನವೇ ಕತ್ತರಿ ಹಿಡಿಯುವವನಿಗೆ ಈ ಕೆಲಸ ಬರುವುದಿಲ್ಲ. ಗಿಡವನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿ ಇಟ್ಟು, ದಿನಕ್ಕೊಮ್ಮೆ ಸ್ವಲ್ಪ ತಿರುಗಿಸುತ್ತ, ಹದಿನೈದು ದಿನವಾದರೂ ಸುಮ್ಮನೆ ನೋಡಬೇಕು. ಯಾವುದು ಮುಂಭಾಗ, ಯಾವ ಕಾಂಡ ದಪ್ಪ, ಯಾವುದು ಯಾವುದರ ಬೆಳಕನ್ನು ತಿನ್ನುತ್ತಿದೆ, ಯಾವುದು ಇನ್ನೊಂದನ್ನು ಅಡ್ಡ ಹಾಯುತ್ತಿದೆ. ಅತ್ಯಂತ ದಪ್ಪ ಕಾಂಡವೇ ಅತ್ಯಂತ ಎತ್ತರವೂ ಆಗಿರಬೇಕು. ಅದು ಮನೆಯ ಹಿರಿಯ. ಜೋಡಿ ಕಾಂಡದ ಗಿಡದಲ್ಲಿ ಜಪಾನೀಯರು ಹಿರಿದನ್ನು ಹೆತ್ತವರೆಂದೂ ಕಿರಿದನ್ನು ಮಗುವೆಂದೂ ಕರೆಯುತ್ತಾರೆ. ನಮ್ಮ ಮನೆಗಳಿಗೂ ಒಪ್ಪುವ ಮಾತು. ಉಳಿಯುವ ಕಾಂಡಗಳು ಮೂರು, ಐದು ಅಥವಾ ಏಳು. ಅದಕ್ಕಿಂತ ಹೆಚ್ಚಾದರೆ ಕಣ್ಣು ಎಣಿಸುವುದಿಲ್ಲವಾದ್ದರಿಂದ ಬೆಸ ಸಂಖ್ಯೆಯ ನಿಯಮವೂ ಬೇಕಾಗುವುದಿಲ್ಲ. ಯಾವ ಎರಡು ಕಾಂಡಗಳೂ ಒಂದೇ ದಪ್ಪ, ಒಂದೇ ಎತ್ತರ ಇರಬಾರದು. ನಡುವಣ ಅಂತರವೂ ಸಮನಾಗಿರಬಾರದು. ಸಣ್ಣ ಕಾಂಡ ಹಿರಿಯದರ ತುಸು ಹಿಂದೆ ನಿಂತರೆ ದೂರದಲ್ಲಿರುವಂತೆ ಕಂಡು, ಒಂದು ಅಡಿ ಅಗಲದ ತಟ್ಟೆಯಲ್ಲಿ ತೋಪಿನ ಆಳ ಬರುತ್ತದೆ. ಕಾಂಡಕಾಂಡಗಳ ನಡುವೆ ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದು, ಹೊರಮುಖದವನ್ನು ಉಳಿಸಬೇಕು. ನೆತ್ತಿ ಮಾತ್ರ ಎಲ್ಲಕ್ಕೂ ಒಂದೇ. ಐದು ಕಾಂಡಗಳ ಎಲೆಗಳೂ ಸೇರಿ ಒಂದೇ ಮರದ ಚಪ್ಪರವಾಗಬೇಕು.

ಇಲ್ಲಿ ಭಾಷಣಕಾರರಿಗೆ ಒಂದು ಪ್ರಶ್ನೆ. ಅರವತ್ತು ಮಕ್ಕಳ ತರಗತಿಯಲ್ಲಿ ಯಾವ ಶಾಲೆ ಒಂದು ಮಗುವನ್ನು ಹದಿನೈದು ದಿನ ಹೀಗೆ ನೋಡುತ್ತದೆ? ಶಾಲೆಗೆ ಹೋಲಿಕೆ ಬೇಕಿದ್ದರೆ ಅವರು ವೇದಿಕೆಯಿಂದ ಇಳಿದು ಗೇಟಿನ ಕಡೆ ನಡೆಯಲಿ. ಅಲ್ಲಿ ಡುರಾಂಟಾ ಬೇಲಿ ಇರುತ್ತದೆ. ಹಗ್ಗ ಕಟ್ಟಿ, ಹಗ್ಗದ ಮೇಲೆ ಬಂದದ್ದನ್ನೆಲ್ಲ ದೊಡ್ಡ ಕತ್ತರಿಯಿಂದ ಒಂದೇ ಮಟ್ಟಕ್ಕೆ ಸವರಿದ ಬೇಲಿ. ಯಾವ ಗಿಡ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ನೆಟ್ಟವನಿಗೂ ತಿಳಿಯದು. ನಮ್ಮ ಪರೀಕ್ಷಾ ಪದ್ಧತಿಗೆ ಇಷ್ಟು ಚೆನ್ನಾಗಿ ಒಪ್ಪುವ ಹೋಲಿಕೆ ಶಾಲೆಯ ಕಾಂಪೌಂಡಿನೊಳಗೇ ಇರುವಾಗ, ಜಪಾನಿನ ತನಕ ಹೋಗಿ ಒಂದು ಕಲೆಗೆ ಮಸಿ ಬಳಿಯುವ ಅಗತ್ಯವೇನಿತ್ತು?

ಮೈಸೂರಿನ ಹವೆಯಲ್ಲಿ ಫೆಬ್ರವರಿ ಮೊದಲ ವಾರ, ಮೊಗ್ಗುಗಣ್ಣು ಉಬ್ಬುವ ಹೊತ್ತಿಗೆ, ಬೇಡದ ಕಾಂಡಗಳನ್ನು ತೆಗೆಯುತ್ತೇನೆ. ಚಿಕ್ಕ ಗರಗಸದಿಂದ ಬುಡಕ್ಕೆ ಸಮನಾಗಿ ಕೊಯ್ದು, ಗಾಯವನ್ನು ಹರಿತವಾದ ಚಾಕುವಿನಿಂದ ತುಸು ತಗ್ಗಾಗಿ ಕೆತ್ತಿ ನಯಮಾಡಿದರೆ ತೊಗಟೆ ಒಳಕ್ಕೆ ಉರುಳಿ ಮುಚ್ಚಿಕೊಳ್ಳುತ್ತದೆ. ಆ ವರ್ಷ ಬೇರಿನ ತಂಟೆಗೆ ಹೋಗುವುದಿಲ್ಲ. ಮೇಲೂ ಕೆಳಗೂ ಒಮ್ಮೆಗೇ ಕತ್ತರಿಸುವುದು ಆತುರಗಾರರ ಕೆಲಸ. ಗಿಡವನ್ನು ಅಗಲವಾದ ಮಣ್ಣಿನ ಕುಂಡಕ್ಕೆ ಹಾಕಿ ಬಿಸಿಲಿಗೆ ಇಟ್ಟು ಬೆಳೆಯಲು ಬಿಡುತ್ತೇನೆ.

ಬೆಳೆಯಲು ಬಿಡುತ್ತೇನೆ ಎಂಬುದನ್ನು ದಯವಿಟ್ಟು ಎರಡು ಸಲ ಓದಿ. ಬೋನ್ಸಾಯ್ ಬಗ್ಗೆ ಅತಿ ದೊಡ್ಡ ಅಜ್ಞಾನವಿರುವುದು ಇಲ್ಲಿಯೇ. ಕಾಂಡ ದಪ್ಪವಾಗುವುದು ಎಲೆ ತಯಾರಿಸಿದ ಆಹಾರದಿಂದ. ಎಲೆ ಹೆಚ್ಚಬೇಕಾದರೆ ರೆಂಬೆ ನೀಳವಾಗಿ ಓಡಬೇಕು. ಚಿವುಟುತ್ತಲೇ ಇದ್ದರೆ ಕಾಂಡ ಹತ್ತು ವರ್ಷವಾದರೂ ಪೆನ್ಸಿಲಿನ ಗಾತ್ರವನ್ನು ದಾಟುವುದಿಲ್ಲ. ಆದ್ದರಿಂದ ದಪ್ಪವಾಗಬೇಕಾದ ಹಿರಿಯ ಕಾಂಡದ ತುದಿಯನ್ನು ನಾಲ್ಕೈದು ಅಡಿ ಏರಲು ಬಿಟ್ಟು, ಅದು ಬುಡಕ್ಕೆ ಶಕ್ತಿ ಇಳಿಸಿದ ಮೇಲೆ ಹಿಂದಕ್ಕೆ ಕತ್ತರಿಸಿ, ಅಲ್ಲಿಂದ ಒಡೆದ ಹೊಸ ಕವಲನ್ನು ಮತ್ತೆ ಓಡಲು ಬಿಡುತ್ತೇವೆ. ದಕ್ಷಿಣ ಚೀನಾದ ಲಿಂಗ್ನಾನ್ ಪ್ರದೇಶದವರು ತಂತಿಯನ್ನು ಹೆಚ್ಚು ನೆಚ್ಚದೆ ಹೀಗೆ ಬಿಟ್ಟು ಕತ್ತರಿಸುವ ಕ್ರಮದಿಂದಲೇ ಕಾಂಡಕ್ಕೆ ತಿರುವು, ದಪ್ಪ ಎಲ್ಲವನ್ನೂ ತರುತ್ತಾರೆ. ಪ್ರದರ್ಶನದಲ್ಲಿ ಒಂದೂವರೆ ಅಡಿಯ ಮರವನ್ನು ಕಂಡು "ಅಯ್ಯೋ, ಬೆಳೆಯಲು ಬಿಡಲಿಲ್ಲವಲ್ಲ" ಎಂದು ಮರುಗುವವರಿಗೆ, ಆ ಒಂದೂವರೆ ಅಡಿಯ ಹಿಂದೆ ಕತ್ತರಿಸಿ ಹಾಕಿದ ಇಪ್ಪತ್ತು ಮೂವತ್ತು ಅಡಿ ಬೆಳವಣಿಗೆ ಇದೆಯೆಂಬುದು ತಿಳಿದಿರುವುದಿಲ್ಲ.

ಎರಡನೆಯ ಫೆಬ್ರವರಿಗೆ ಬೇರಿನ ಸರದಿ. ಮಣ್ಣನ್ನು ಮೊಂಡು ಕಡ್ಡಿಯಿಂದ ಬಿಡಿಸಿ, ಕೆಳಮುಖವಾದ ದಪ್ಪ ಬೇರುಗಳನ್ನು ಮೊಟಕು ಮಾಡಿ, ಸುತ್ತ ಹರಡಿದ ಸಣ್ಣ ಬೇರುಗಳನ್ನು ಉಳಿಸಿ ತಟ್ಟೆಗೆ ಹಾಕುತ್ತೇನೆ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಹಳೆಯ ಎಲೆಗೊಬ್ಬರ. ಜೇಡಿ ಬೆರೆಯಬಾರದು, ನೀರು ನಿಲ್ಲಬಾರದು. ಮೂರು ವಾರ ನೆರಳು, ಆಮೇಲೆ ಪೂರ್ಣ ಬಿಸಿಲು. ಬೇರು ಕತ್ತರಿಸುವುದೂ ಹಿಂಸೆಯೆನ್ನುವವರಿಗೆ ಹೇಳಬೇಕಾದದ್ದು ಇಷ್ಟೇ: ಕತ್ತರಿಸಿದ ಬೇರಿನ ತುದಿಯಿಂದ ಹತ್ತು ಎಳೆ ಬೇರು ಬರುತ್ತದೆ. ಬೇರು ಚೀಲದಲ್ಲಿ ಸುತ್ತಿ ಸುತ್ತಿ ತನ್ನನ್ನೇ ಬಿಗಿದುಕೊಂಡು ಗಿಡ ಸಾಯುವುದು ಯಾರೂ ಮುಟ್ಟದೆ ಬಿಟ್ಟ ಕುಂಡದಲ್ಲಿ.

ತಂತಿ ಕಂಡೊಡನೆ ಮುಖ ಕಿವುಚುವವರೂ ಇದ್ದಾರೆ. ಅವರ ಮನೆಯ ಮಲ್ಲಿಗೆ ಬಳ್ಳಿಯನ್ನು ಗ್ರಿಲ್ಲಿಗೆ ಬಿಗಿದು ಕಟ್ಟಿರುತ್ತದೆ, ಅದು ಬೇರೆ. ದಾಳಿಂಬೆಯ ಎಳೆ ರೆಂಬೆಗೆ ಅದರ ದಪ್ಪದ ಮೂರನೆಯ ಒಂದು ಭಾಗದಷ್ಟಿರುವ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ ಬಾಗಿಸಬಹುದು. ಬಲಿತ ಕಾಂಡ ಬಾಗುವುದಿಲ್ಲ, ಸಿಡಿಯುತ್ತದೆ. ಅಂಥ ಎರಡು ಕಾಂಡಗಳ ನಡುವೆ ಮರದ ಬೆಣೆ ಇಟ್ಟು, ತೆಂಗಿನ ನಾರಿನ ಹುರಿ ಕಟ್ಟಿ, ತಿಂಗಳಿಗೆ ಕೂದಲೆಳೆಯಷ್ಟು ಅಗಲಿಸುತ್ತ ಹೋಗುತ್ತೇನೆ. ಮಳೆಗಾಲದಲ್ಲಿ ರೆಂಬೆ ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ತಂತಿಯನ್ನು ನೋಡದಿದ್ದರೆ ತೊಗಟೆಗೆ ಕಚ್ಚುತ್ತದೆ. ಕೆಲವು ತಿಂಗಳಿಗೆ ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯುತ್ತೇವೆ. ಬಿಚ್ಚಲು ಹೋದರೆ ರೆಂಬೆಗೆ ಪೆಟ್ಟು.

ಇನ್ನು ಹಣ್ಣು. ವರ್ಷಗಳು ಕಳೆದಂತೆ ತಟ್ಟೆಯ ದಾಳಿಂಬೆಯ ಎಲೆ ಚಿಕ್ಕದಾಗುತ್ತದೆ. ಹೂ ಮಾತ್ರ ತೋಟದ ಹೂವಿನಷ್ಟೇ ದೊಡ್ಡದು, ಅಷ್ಟೇ ಕೆಂಪು. ಹಣ್ಣು ಕಟ್ಟಿದರೆ ಅದೂ ತನ್ನ ತಳಿಯ ಗಾತ್ರಕ್ಕೇ ಬೆಳೆಯಲು ಹೊರಡುತ್ತದೆ. ಮರಕ್ಕೆ ಹೊರೆಯಾಗದಂತೆ ಒಂದೇ ಒಂದು ಹೀಚನ್ನು ಉಳಿಸಿ ಮಿಕ್ಕವನ್ನು ನಾವೇ ಚಿವುಟಬೇಕಾಗುತ್ತದೆ. ಗಿಡವನ್ನು ನಿಜವಾಗಿ ಕುಬ್ಜಗೊಳಿಸಿದ್ದರೆ ಹಣ್ಣೂ ಕುಬ್ಜವಾಗಬೇಕಿತ್ತಲ್ಲವೇ? ಹೋಲಿಸಿ ನೋಡಿ: ತೋಟದಲ್ಲಿ ಅಂಬೆ ಬಹಾರ್, ಹಸ್ತ ಬಹಾರ್ ಎಂದು ಒಮ್ಮೆಗೇ ಹೂ ಬರಿಸಲು ತಿಂಗಳೋ ಎರಡು ತಿಂಗಳೋ ನೀರು ನಿಲ್ಲಿಸಿ, ಎಲೆ ಉದುರಿಸಿ, ರೆಂಬೆ ಸವರುತ್ತಾರೆ. ರೈತರ ಹೊಟ್ಟೆಪಾಡು, ನಾನು ಆಕ್ಷೇಪಿಸುವುದಿಲ್ಲ. ಆದರೆ ನನ್ನ ತಟ್ಟೆಯ ಗಿಡಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ನೀರು. ಇದಕ್ಕಾಗಿ ಮದುವೆ ಮುಂಜಿಗಳನ್ನು ತಪ್ಪಿಸಿಕೊಂಡಿದ್ದೇನೆಂದು ಬಂಧುಗಳು ಆಡಿಕೊಳ್ಳುವುದು ಗೊತ್ತಿದೆ.

ಬಂಧುಗಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಬೆಂಗಳೂರಿನಲ್ಲಿರುವ ನನ್ನ ಸೋದರಸೊಸೆಯ ಗೃಹಪ್ರವೇಶಕ್ಕೆ, ಹನ್ನೊಂದು ವರ್ಷ ನನ್ನ ಹಿತ್ತಿಲಲ್ಲಿದ್ದ ಐದು ಕಾಂಡದ ದಾಳಿಂಬೆಯನ್ನು ಕೊಟ್ಟಿದ್ದೆ. ಮನೆಗೆ ಬಂದ ವಾಸ್ತು ಸಲಹೆಗಾರರೊಬ್ಬರು, ಬೋನ್ಸಾಯ್ ಇದ್ದ ಮನೆಯಲ್ಲಿ ಏಳಿಗೆ ಕುಂಠಿತವಾಗುತ್ತದೆ, ಮೊದಲು ಇದನ್ನು ಹೊರಗೆ ಹಾಕಿ ಎಂದರಂತೆ. "ಏನು ಮಾಡಲಿ ಮಾವ? ಅತ್ತೆಯವರು ಹೆದರಿಕೊಂಡಿದ್ದಾರೆ" ಎಂದು ಅವಳು ಫೋನ್ ಮಾಡಿದಳು. ಆ ಅತ್ತೆಯವರೂ ಇದನ್ನು ಓದುತ್ತಾರೆಂದು ಬಲ್ಲೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಮನೆಯ ಒಳಿತನ್ನು ಬಯಸುವವರು ಹೆದರುವುದು ಸಹಜ. ಹೆದರಿಸುವವರ ಮೇಲೆ ಸಿಟ್ಟು. ಮಯಮತ, ಮಾನಸಾರ ಎಂದು ಹಳೆಯ ವಾಸ್ತುಗ್ರಂಥಗಳ ಹೆಸರು ಹೇಳುವವರು, ಬೋನ್ಸಾಯ್ ಎಂಬ ಜಪಾನೀ ಮಾತು ಅವುಗಳಲ್ಲಿ ಯಾವ ಶ್ಲೋಕದಲ್ಲಿದೆಯೆಂದು ತೋರಿಸಲಿ. ಗಿಡ ಚಿಕ್ಕದಾದರೆ ಏಳಿಗೆಯೂ ಚಿಕ್ಕದೆಂಬುದು ತರ್ಕವಾದರೆ, ಅದೇ ಮನೆಯ ದೇವರ ಕೋಣೆಯಲ್ಲಿ ಮೂರಂಗುಲದ ಲಕ್ಷ್ಮಿಯ ವಿಗ್ರಹವಿದೆ. ಸಂಪತ್ತೂ ಮೂರಂಗುಲವೇ? ಅಂಗಳದ ಕಟ್ಟೆಯ ತುಳಸಿಯ ತೆನೆಯನ್ನು ಚಿವುಟಿ ಪೊದೆಯಾಗಿಸುವುದು ಯಾವ ದೋಷ?

ಸದ್ಯಕ್ಕೆ ಗಿಡ ಟೆರೇಸಿನ ನೀರಿನ ಟ್ಯಾಂಕಿನ ಮಗ್ಗುಲಿಗೆ ಗಡಿಪಾರಾಗಿದೆ. ದಾಳಿಂಬೆಗೆ ಬಿಸಿಲು ಬೇಕಾದ್ದರಿಂದ ನಡುಮನೆಗಿಂತ ಅದು ಒಳ್ಳೆಯ ಜಾಗವೆಂಬುದು ವಾಸ್ತುವಿನವರಿಗೆ ತಿಳಿದಿರಲಿಕ್ಕಿಲ್ಲ. ವಿಚಿತ್ರವೆಂದರೆ, ಮೂಢನಂಬಿಕೆಯನ್ನು ಹಳಿಯುವ ನಮ್ಮ ಭಾಷಣಕಾರರೂ ಈ ಸಲಹೆಗಾರರೂ ಬೋನ್ಸಾಯ್ ವಿಷಯದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಇಬ್ಬರೂ ಗಿಡವನ್ನು ಮುಟ್ಟಿ ನೋಡಿದವರಲ್ಲ.

ಹಾಗೆಂದು ಬೋನ್ಸಾಯ್ ಹೆಸರಿನಲ್ಲಿ ನಡೆಯುವುದೆಲ್ಲ ಸರಿಯೆಂದು ನಾನು ವಾದಿಸುವುದಿಲ್ಲ. ಮಾಲ್‌ಗಳಲ್ಲಿ ಉಡುಗೊರೆಗೆಂದು ಮಾರುವ, ಗೆಡ್ಡೆಯಂತೆ ಊದಿದ ಬೇರಿನ ಮೇಲೆ ನಾಲ್ಕು ಎಲೆ ಕಸಿ ಮಾಡಿದ, ಮಣ್ಣಿನ ಮೇಲೆ ಬೆಣಚುಕಲ್ಲುಗಳನ್ನು ಅಂಟಿನಿಂದ ಮೆತ್ತಿದ ಆ ಗಿಡಗಳನ್ನು ನೋಡಿದ್ದೀರಿ. ಕಲ್ಲಿನ ಹೊದಿಕೆಯಿಂದಾಗಿ ನೀರು ಒಳಗಿಳಿಯುವುದೇ ಕಷ್ಟ. ಹವಾನಿಯಂತ್ರಿತ ಕಚೇರಿಯ ಮೇಜಿನ ಮೇಲೆ, ಬಿಸಿಲಿಲ್ಲದೆ, ಅದು ಕೆಲವೇ ತಿಂಗಳಲ್ಲಿ ಎಲೆ ಉದುರಿಸಿ ಕಸದ ಬುಟ್ಟಿ ಸೇರುತ್ತದೆ. ಇದು ಕ್ರೌರ್ಯ, ಒಪ್ಪುತ್ತೇನೆ. ಪಶ್ಚಿಮಘಟ್ಟದ ಕಾಡಿಗೆ ಹೋಗಿ ಬಂಡೆಯ ಮೇಲೆ ನೂರು ವರ್ಷ ಬದುಕಿದ ಗಿಡವನ್ನು ಹಾರೆ ಹಾಕಿ ಕಿತ್ತು ತರುವುದು ಅದಕ್ಕಿಂತ ದೊಡ್ಡ ಪಾಪ. ನರ್ಸರಿಯ ಹಿಂದಿನ ಸಾಲನ್ನು ನಾನು ಹಿಡಿದುಕೊಂಡಿರುವುದು ಈ ಎರಡೂ ಬೇಡವೆಂದೇ. ಸಿದ್ಧ ಗಿಡಕ್ಕೆ ಕೊಡುವ ಹಣದಲ್ಲಿ ಹತ್ತು ಪೊದೆಗಳು ಬರುತ್ತವೆ; ಬರದಿರುವುದು ತಾಳ್ಮೆ ಮಾತ್ರ.

ಸಾಕ್ಷಿ ಬೇಕೆನ್ನುವವರಿಗೆ ಒಂದು ಮರವನ್ನು ಹೆಸರಿಸುತ್ತೇನೆ. ಹಿರೋಷಿಮಾದ ಯಮಾಕಿ ಎಂಬ ಮನೆತನದವರ ಬಳಿ ಒಂದು ಬಿಳಿ ಪೈನ್ ಬೋನ್ಸಾಯ್ ಇತ್ತು. 1625ರಿಂದ ತಟ್ಟೆಯಲ್ಲಿರುವ ಮರ. 1945ರ ಆಗಸ್ಟ್ 6ರಂದು ಬಾಂಬ್ ಬಿದ್ದ ಜಾಗದಿಂದ ಅವರ ಮನೆ ಸುಮಾರು ಮೂರು ಕಿಲೋಮೀಟರ್ ದೂರ. ಕಿಟಕಿಯ ಗಾಜು ಪುಡಿಯಾಯಿತು. ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೇ ಉಡುಗೊರೆ ಕೊಟ್ಟರು. ಬಾಂಬಿನ ವಿಷಯ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ ಅವರ ಮೊಮ್ಮಕ್ಕಳು ವಾಷಿಂಗ್ಟನ್ನಿಗೆ ಹೋಗಿ ಮರವನ್ನು ಕಂಡಾಗ. ನಾಲ್ಕು ನೂರು ವರ್ಷ ಯಾರೋ ಒಬ್ಬರು ಬೇಸಗೆಯ ಒಂದು ದಿನವೂ ನೀರು ತಪ್ಪಿಸಿಲ್ಲವೆಂದು ಇದರ ಅರ್ಥ. ನಮ್ಮ ರಸ್ತೆಬದಿಯ ಸಾಲುಮರಗಳಿಗೆ, ಬೋನ್ಸಾಯ್ ಮಾಡದೆ ಸ್ವತಂತ್ರವಾಗಿ ಬಿಟ್ಟ ಆ ಮರಗಳಿಗೆ, ರಸ್ತೆ ಅಗಲೀಕರಣದ ಒಂದು ಆದೇಶ ಬಂದರೆ ಎಷ್ಟು ದಿನದ ಆಯುಷ್ಯ?

ಬರುವ ಫೆಬ್ರವರಿಯ ಮೊದಲ ಭಾನುವಾರ ಮೂರು ಪೊದೆಗಳ ಕಾಂಡ ಆರಿಸುವ ಕೆಲಸ ಇಟ್ಟುಕೊಂಡಿದ್ದೇನೆ. ಮೈಸೂರಿಗೆ ಬರಲು ಸಾಧ್ಯವಿರುವವರು ಬೆಳಿಗ್ಗೆ ಎಂಟಕ್ಕೆ ಬನ್ನಿ. ಸ್ವಂತ ಗಿಡ ತರುವುದಾದರೆ ಈಗಲೇ ಕೊಂಡು ಒಂದು ತಿಂಗಳು ನೋಡಿ, ಯಾವ ಕಾಂಡ ಉಳಿಯಬೇಕೆಂದು ನೀವೇ ದಾರ ಕಟ್ಟಿಕೊಂಡು ಬನ್ನಿ. ನನ್ನ ಆಯ್ಕೆ ಬೇರೆಯಾದರೆ ಕತ್ತರಿಸುವ ಮೊದಲು ಜಗಳವಾಡೋಣ. ಗರಗಸ, ಕತ್ತರಿ, ಇಟ್ಟಿಗೆ ಚೂರು ನನ್ನಲ್ಲಿವೆ. ಊಟಕ್ಕೆ ಎಷ್ಟು ಜನವೆಂದು ಮನೆಯಾಕೆಗೆ ಮೊದಲೇ ತಿಳಿಸಬೇಕಂತೆ, ಒಂದು ಫೋನ್ ಮಾಡಿ.